ಬಿಟ್ಟಿ ನೆಲದ ಒಕ್ಕಲು: ಬ್ಲಾಗರ್ ಬಿಡದವರ ಇಪ್ಪತ್ತೈದು ವರ್ಷ

ಬಿಟ್ಟು ಹೋಗುವವರು ದೂರುವುದಿಲ್ಲ, ಹೋಗಿಬಿಡುತ್ತಾರೆ. ಊರಿನ ಬಸ್ ನಿಲ್ದಾಣದಲ್ಲಿ ಸರ್ಕಾರಿ ಬಸ್ಸನ್ನು ಬೈಯುತ್ತ ನಿಂತವರು ಯಾರೆಂದು ನೋಡಿ. ದಿನಾ ಅದೇ ಬಸ್ಸಿಗೆ ಕಾಯುವವರು. ಬೈಕ್ ಕೊಂಡವನಿಗೆ ಬಸ್ ಎಷ್ಟು ಹೊತ್ತಿಗೆ ಬಂದರೇನು? ಬ್ಲಾಗರ್ ಎಂಬ ಬ್ಲಾಗ್ ತಾಣದ ಬಗ್ಗೆ ಇಪ್ಪತ್ತೈದು ವರ್ಷಗಳಿಂದ ಕೇಳಿಬರುತ್ತಿರುವ ದೂರುಗಳೂ ಹಾಗೆಯೇ. ಅವುಗಳಲ್ಲಿ ಹೆಚ್ಚಿನವು ಅದನ್ನು ಬಿಡಲು ಮನಸ್ಸು ಬಾರದವರ ದೂರುಗಳು.

ಇಂಥ ತಾಣಗಳ ಚರಿತ್ರೆಯನ್ನು ಸಾಮಾನ್ಯವಾಗಿ ಮಾಲೀಕರ ಕಡೆಯಿಂದ ಬರೆಯುತ್ತಾರೆ. ಯಾರು ಕಟ್ಟಿದರು, ಯಾರು ಕೊಂಡರು, ಕೊಂಡವರು ಏನು ಮಾಡಿದರು ಅಂತ. ಇಲ್ಲಿ ಅದನ್ನೇ ಬಳಸಿದವರ ಕಡೆಯಿಂದ ನೋಡೋಣ. ಯಾವ ವರ್ಷ ಯಾವ ಕಾರಣಕ್ಕೆ ಸಿಟ್ಟು ಬಂತು, ಅದಕ್ಕೆ ಏನು ಉತ್ತರ ಸಿಕ್ಕಿತು? ಕನ್ನಡದವರಿಗೆ ಇದು ದೂರದ ಅಮೆರಿಕದ ಕಥೆಯಾಗಿ ಉಳಿದಿಲ್ಲ. ಕನ್ನಡದ ಜನ ಇಂಟರ್‌ನೆಟ್ಟಿನಲ್ಲಿ ತಾವೇ ಬರೆಯಲು ಶುರುಮಾಡಿದ ಕಾಲದ ಎಷ್ಟೋ ಬರಹಗಳು ಇಂದಿಗೂ ‘ಬ್ಲಾಗ್‌ಸ್ಪಾಟ್ ಡಾಟ್ ಕಾಮ್’ ಎಂಬ ಬಾಲ ಹೊತ್ತ ವಿಳಾಸಗಳಲ್ಲೇ ಇವೆ.

ಸ್ವಂತ ಹೊಲದಿಂದ ಬಿಟ್ಟಿ ಹೊಲಕ್ಕೆ

1999ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇವಾನ್ ವಿಲಿಯಮ್ಸ್ ಮತ್ತು ಮೆಗ್ ಹೌರಿಹಾನ್ ಸೇರಿ ಪೈರಾ ಲ್ಯಾಬ್ಸ್ ಎಂಬ ಸಣ್ಣ ಕಂಪನಿ ಕಟ್ಟಿದರು. ಅವರು ಮಾಡಹೊರಟಿದ್ದು ಕಚೇರಿ ಕೆಲಸಗಳ ಲೆಕ್ಕ ಇಡುವ ತಂತ್ರಾಂಶ. ತಮ್ಮತಮ್ಮಲ್ಲೇ ಟಿಪ್ಪಣಿ ಹಂಚಿಕೊಳ್ಳಲು ಮಾಡಿಕೊಂಡಿದ್ದ ಸಣ್ಣ ಸಾಧನವನ್ನು ತಿದ್ದಿತೀಡಿ, ಆ ವರ್ಷದ ಆಗಸ್ಟ್ 23ರಂದು ಎಲ್ಲರ ಬಳಕೆಗೆ ಬಿಟ್ಟರು. ಅದೇ ಬ್ಲಾಗರ್. ಮೂಲ ತಂತ್ರಾಂಶ ಮೂಲೆ ಸೇರಿತು, ಮಧ್ಯದಲ್ಲಿ ಹುಟ್ಟಿದ ಕೂಸು ಬೆಳೆಯಿತು.

ಅಲ್ಲಿಯವರೆಗೆ ಬ್ಲಾಗ್ ಬರೆಯುವುದೆಂದರೆ ಎಚ್‌ಟಿಎಂಎಲ್ ಗುರುತುಗಳನ್ನು ಕೈಯಾರೆ ಬರೆದು, ಆ ಕಡತವನ್ನು ಸರ್ವರಿಗೆ ಏರಿಸುವ ಕೆಲಸ. ಅದು ಬಲ್ಲವರಿಗೆ ಮಾತ್ರ. ಬ್ಲಾಗರ್ ಬರೆಯಲು ಒಂದು ಚೌಕ ಕೊಟ್ಟಿತು, ಕೆಳಗೆ ಒಂದು ಗುಂಡಿ ಇಟ್ಟಿತು. ಬರೆದು ಗುಂಡಿ ಒತ್ತಿದರೆ ಪ್ರಕಟವಾಯಿತು. ತಾರೀಖು, ಸಮಯ, ಹಳೆಯ ಬರಹಗಳ ಕಟ್ಟು, ಎಲ್ಲವನ್ನೂ ಅದೇ ನೋಡಿಕೊಳ್ಳುತ್ತಿತ್ತು.

ಇಲ್ಲಿ ಒಂದು ವಿಷಯ ಗಮನಿಸಬೇಕು. ಶುರುವಿನಲ್ಲಿ ಬರಹ ಪ್ರಕಟವಾಗುತ್ತಿದ್ದುದು ಬಳಕೆದಾರರ ಸ್ವಂತ ತಾಣದಲ್ಲಿ. ಬ್ಲಾಗರ್ ಅದನ್ನು ಎಫ್‌ಟಿಪಿ ಎಂಬ ವಿಧಾನದಲ್ಲಿ ಅಲ್ಲಿಗೆ ಸಾಗಿಸುತ್ತಿತ್ತು, ಅಷ್ಟೇ. ಅಂದರೆ ಹೊಲ ನಿಮ್ಮದು, ನೇಗಿಲು ಮಾತ್ರ ಅವರದ್ದು. ಸ್ವಂತ ತಾಣ ಇಲ್ಲದವರಿಗೆಂದು 2000ದಲ್ಲಿ ಬ್ಲಾಗ್‌ಸ್ಪಾಟ್ ಶುರುವಾಯಿತು. ಹೆಸರು ನೋಂದಾಯಿಸಿದರೆ ಜಾಗವೂ ಪುಕ್ಕಟೆ. ‘ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ’ ಎಂಬ ಮಾತಿನಂತೆ ಜನ ಮುಗಿಬಿದ್ದರು. ಮುಂದೆ ಬಂದ ಎಲ್ಲ ತಕರಾರುಗಳ ಬೇರು ಇರುವುದು ಇದೇ ಬದಲಾವಣೆಯಲ್ಲಿ. ನೇಗಿಲಿನ ಜೊತೆ ಹೊಲವೂ ಅವರದ್ದಾಯಿತು.

ಬಳಕೆದಾರರು ಚಂದಾ ಎತ್ತಿದ ದಿನಗಳು

ಜನ ಬಂದಷ್ಟೂ ಸರ್ವರ್ ಏದುಸಿರು ಬಿಟ್ಟಿತು. ಪುಟ ತೆರೆಯುವುದು ತಡ, ಬರೆದದ್ದು ಪ್ರಕಟವಾಗುವುದು ಇನ್ನೂ ತಡ. ಅದೇ ಹೊತ್ತಿಗೆ ಅಮೆರಿಕದಲ್ಲಿ ಡಾಟ್ ಕಾಮ್ ಕಂಪನಿಗಳು ಒಂದೊಂದಾಗಿ ಮುಳುಗುತ್ತಿದ್ದವು. ಪೈರಾದ ಕೈಯಲ್ಲೂ ಕಾಸು ಉಳಿದಿರಲಿಲ್ಲ. ಹೊಸ ಸರ್ವರ್ ಕೊಳ್ಳಲು ದುಡ್ಡಿಲ್ಲ, ಕೈಲಾದಷ್ಟು ಕೊಡಿ ಎಂದು ಬಳಕೆದಾರರನ್ನೇ ಕೇಳಿದರು. ಬಳಕೆದಾರರು ಕೊಟ್ಟರು. ನಮ್ಮೂರುಗಳಲ್ಲಿ ಗುಡಿಯ ಜೀರ್ಣೋದ್ಧಾರಕ್ಕೆ ಮನೆಮನೆಯಿಂದ ಪಟ್ಟಿ ಎತ್ತಿದ ಹಾಗೆ.

ಅದರಿಂದ ಸರ್ವರ್ ಬಂತು, ಸಂಬಳ ಬರಲಿಲ್ಲ. 2001ರ ಜನವರಿ ಮುಗಿಯುವ ಹೊತ್ತಿಗೆ ಮೆಗ್ ಹೌರಿಹಾನ್ ಸೇರಿ ಎಲ್ಲರೂ ಹೊರಗೆ ಹೋಗಿ, ಇವಾನ್ ವಿಲಿಯಮ್ಸ್ ಒಬ್ಬರೇ ಉಳಿದರು. ಕೆಲವು ತಿಂಗಳು ಒಬ್ಬ ಮನುಷ್ಯ ಅಷ್ಟೂ ಜನರ ಬರಹಗಳನ್ನು ಕಾಯ್ದ. ಆಮೇಲೆ ಕೈಹಿಡಿದದ್ದು ಡಾನ್ ಬ್ರಿಕ್ಲಿನ್ ಅವರ ಟ್ರೆಲ್ಲಿಕ್ಸ್ ಕಂಪನಿ. ಕಂಪ್ಯೂಟರಿನ ಮೊದಲ ಸ್ಪ್ರೆಡ್‌ಶೀಟ್ ವಿಸಿಕ್ಯಾಲ್ಕ್ ಮಾಡಿದವರಲ್ಲಿ ಒಬ್ಬರು ಈ ಬ್ರಿಕ್ಲಿನ್. ಅವರ ಕಂಪನಿ ಬ್ಲಾಗರ್ ತಂತ್ರಾಂಶದ ಬಳಕೆಗೆ ಪರವಾನಗಿ ಪಡೆದು ದುಡ್ಡು ಕೊಟ್ಟಿತು. ಉಸಿರು ಉಳಿಯಿತು.

ಚಂದಾ ಕೊಟ್ಟವರಿಗೆ ಷೇರು ಸಿಗಲಿಲ್ಲ, ಅವರು ಕೇಳಲೂ ಇಲ್ಲ. ಆದರೆ ಅವರಿಗೆ ಒಂದು ಭಾವನೆ ಬಂತು: ಇದು ನಮ್ಮದೂ ಹೌದು. ಈ ಭಾವನೆ ಕಾಗದದ ಮೇಲೆ ಎಲ್ಲೂ ಇರಲಿಲ್ಲ ಎಂಬುದು ಮುಂದಿನ ವರ್ಷಗಳಲ್ಲಿ ಅವರಿಗೆ ಮತ್ತೆ ಮತ್ತೆ ತಿಳಿಯುತ್ತ ಹೋಯಿತು.

ದೊಡ್ಡ ಮನೆಗೆ ಸೇರಿದ ಮೇಲೆ

2003ರ ಫೆಬ್ರವರಿಯಲ್ಲಿ ಗೂಗಲ್ ಪೈರಾವನ್ನು ಕೊಂಡಿತು. ಆಗ ಬ್ಲಾಗರಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಮಂದಿ ನೋಂದಾಯಿಸಿದ್ದರು. ದುಡ್ಡು ಕೊಟ್ಟು ‘ಬ್ಲಾಗರ್ ಪ್ರೊ’ ಪಡೆದಿದ್ದವರ ಸೌಲಭ್ಯಗಳೆಲ್ಲ ಎಲ್ಲರಿಗೂ ಪುಕ್ಕಟೆಯಾದವು. ದುಡ್ಡು ಕೊಟ್ಟವರಿಗೆ ಸಮಾಧಾನಕ್ಕೆ ಬ್ಲಾಗರ್ ಗುರುತಿನ ಸ್ವೆಟ್‌ಶರ್ಟ್ ಬಂತು. ಗೂಗಲ್ ಸರ್ವರುಗಳಿಗೆ ಏದುಸಿರಿನ ಸಮಸ್ಯೆ ಇರಲಿಲ್ಲ. 2004ರ ಮೇ ತಿಂಗಳಲ್ಲಿ ತಾಣಕ್ಕೆ ಹೊಸ ರೂಪ ಬಂತು, ಓದುಗರು ಪ್ರತಿಕ್ರಿಯೆ ಬರೆಯುವ ಜಾಗವೂ ಅದರಲ್ಲೇ ಬಂತು. ನಿಷ್ಠಾವಂತರಿಗೆ ಇದು ಹಬ್ಬದ ಕಾಲ.

ಅದೇ ವರ್ಷದ ಅಕ್ಟೋಬರಿನಲ್ಲಿ ಇವಾನ್ ವಿಲಿಯಮ್ಸ್ ಗೂಗಲ್ ಬಿಟ್ಟರು. ಮುಂದೆ ಟ್ವಿಟರ್ ಕಟ್ಟಿದವರಲ್ಲಿ ಒಬ್ಬರಾದರು, 2012ರಲ್ಲಿ ಮೀಡಿಯಂ ಎಂಬ ಇನ್ನೊಂದು ಬರವಣಿಗೆ ತಾಣ ಶುರುಮಾಡಿದರು. ಹೆತ್ತವರು ಹೋದ ಮೇಲೆ ಬ್ಲಾಗರ್ ದೊಡ್ಡ ಮನೆಯ ಅನೇಕ ಮಕ್ಕಳಲ್ಲಿ ಒಂದಾಯಿತು.

ಪುಕ್ಕಟೆ ಜಾಗಕ್ಕೆ ಬರೆಯುವವರಷ್ಟೇ ಬರಲಿಲ್ಲ. 2005ರಲ್ಲಿ ಜಾಹೀರಾತು ಕಸವನ್ನೇ ತುಂಬಿದ ಸುಳ್ಳು ಬ್ಲಾಗುಗಳು ಬ್ಲಾಗ್‌ಸ್ಪಾಟಿನಲ್ಲಿ ಪಾರ್ಥೇನಿಯಂ ಕಳೆಯ ಹಾಗೆ ಹಬ್ಬಿದವು. ಕಳೆ ಕೀಳಲು ತಂದ ಮದ್ದು ಬೆಳೆಗೂ ತಾಗಿತು. ಪ್ರತಿಕ್ರಿಯೆ ಬರೆಯಬೇಕೆಂದರೆ ಸೊಟ್ಟಸೊಟ್ಟ ಇಂಗ್ಲಿಷ್ ಅಕ್ಷರಗಳನ್ನು ಗುರುತಿಸಿ ಟೈಪ್ ಮಾಡಬೇಕು. ಕನ್ನಡ ಲೇಖನ ಓದಿ ಕನ್ನಡದಲ್ಲಿ ನಾಲ್ಕು ಸಾಲು ಬರೆದ ಮನುಷ್ಯ, ತಾನು ಮನುಷ್ಯನೆಂದು ಇಂಗ್ಲಿಷಿನಲ್ಲಿ ಸಾಬೀತು ಮಾಡಬೇಕಾಯಿತು. ಹಳೆಯ ಬ್ಲಾಗರ್ ಖಾತೆಗಳೂ ಹೋದವು. 2007ರಿಂದ ಗೂಗಲ್ ಖಾತೆ ಇಲ್ಲದೆ ಒಳಗೆ ಬರುವಂತಿರಲಿಲ್ಲ.

‘ಬ್ಲಾಗ್ ಪೋಸ್ಟ್’ ಎಂಬ ಹೆಸರಿಲ್ಲದ ಹೆಸರು

ಕನ್ನಡ ಇಂಟರ್‌ನೆಟ್ಟಿಗೆ ಬಂದದ್ದು ಬ್ಲಾಗರಿಗಿಂತ ಮೊದಲೇ. ಯು.ಬಿ. ಪವನಜ ಅವರ ‘ವಿಶ್ವ ಕನ್ನಡ’ 1996ರಲ್ಲೇ ಬಂದಿತ್ತು. ಆದರೆ ಆ ಕಾಲದಲ್ಲಿ ಅಕ್ಷರವೇ ಒಂದು ತೊಡಕು. ಒಂದೊಂದು ತಾಣಕ್ಕೂ ಒಂದೊಂದು ಫಾಂಟ್. ಆ ಫಾಂಟ್ ಇಳಿಸಿಕೊಳ್ಳದಿದ್ದರೆ ಕನ್ನಡದ ಬದಲು ವಿಚಿತ್ರ ಚಿಹ್ನೆಗಳು ಕಾಣುತ್ತಿದ್ದವು. ಕಂಪ್ಯೂಟರಿಗೆ ಯೂನಿಕೋಡ್ ಕನ್ನಡ ಬಂದ ಮೇಲೆ, ಅಂದರೆ ವಿಂಡೋಸ್ ಎಕ್ಸ್‌ಪಿಯ ಜೊತೆ ‘ತುಂಗಾ’ ಫಾಂಟ್ ಊರೂರಿನ ಸೈಬರ್ ಕೆಫೆ ತಲುಪಿದ ಮೇಲೆ, ದಾರಿ ಸಲೀಸಾಯಿತು. ಬರಹ ತಂತ್ರಾಂಶದಲ್ಲಿ ಟೈಪ್ ಮಾಡುವುದು, ಯೂನಿಕೋಡಿಗೆ ಬದಲಿಸುವುದು, ಬ್ಲಾಗರ್ ಚೌಕದಲ್ಲಿ ಅಂಟಿಸುವುದು. ಮುಂದೆ ಬ್ಲಾಗರ್ ಚೌಕದಲ್ಲೇ ಇಂಗ್ಲಿಷ್ ಕೀಲಿಗಳನ್ನು ಒತ್ತಿ ಕನ್ನಡ ಮೂಡಿಸುವ ಸೌಲಭ್ಯವೂ ಬಂತು.

ಮೇಷ್ಟರು, ಬ್ಯಾಂಕ್ ನೌಕರರು, ಬೆಂಗಳೂರಿಗೆ ಹೋದ ಸಾಫ್ಟ್‌ವೇರ್ ಹುಡುಗ ಹುಡುಗಿಯರು, ಅಮೆರಿಕ ಸೇರಿದವರು, ಜಿಲ್ಲೆಗಳಲ್ಲಿ ಉಳಿದ ಪತ್ರಕರ್ತರು, ಎಲ್ಲರೂ ಬರೆದರು. ಸಂಪಾದಕರ ಅಪ್ಪಣೆ ಬೇಕಿರಲಿಲ್ಲ, ಅಂಚೆಚೀಟಿ ಹಚ್ಚಿದ ಲಕೋಟೆ ವಾಪಸು ಬರುವ ಭಯವಿರಲಿಲ್ಲ. ನಮ್ಮಂಥ ಸ್ಟ್ರಿಂಗರುಗಳ ಕಸುಬಿನಲ್ಲಿ ಇದರ ಬೆಲೆ ಹೆಚ್ಚು. ಜಿಲ್ಲಾ ಪುಟದಲ್ಲಿ ಬಂದ ಸುದ್ದಿ ಪಕ್ಕದ ಜಿಲ್ಲೆಗೆ ತಲುಪುವುದಿಲ್ಲ, ಮರುದಿನ ಮಂಡಕ್ಕಿ ಪೊಟ್ಟಣವಾಗುತ್ತದೆ. ಇನ್ನೂರು ಪದಕ್ಕೆ ಕತ್ತರಿಸಿದ ವರದಿಯ ಪೂರ್ತಿ ರೂಪ ಎಲ್ಲೋ ಒಂದು ಕಡೆ ಉಳಿಯಬೇಕೆಂದರೆ ಬ್ಲಾಗೇ ಗತಿಯಾಗಿತ್ತು.

ಆದರೆ ಈ ಮನೆ ಕನ್ನಡಕ್ಕಾಗಿ ಕಟ್ಟಿದ್ದಲ್ಲ ಎಂಬುದು ಬೇಗ ಗೊತ್ತಾಯಿತು. ಬ್ಲಾಗರ್ ಪ್ರತಿ ಬರಹದ ವಿಳಾಸವನ್ನು ಅದರ ಶೀರ್ಷಿಕೆಯಿಂದ ತಾನೇ ಮಾಡುತ್ತದೆ, ಇಂಗ್ಲಿಷ್ ಅಕ್ಷರ ಇದ್ದರೆ. ಶೀರ್ಷಿಕೆ ಕನ್ನಡದಲ್ಲಿದ್ದರೆ ಅದಕ್ಕೆ ಏನೂ ಕಾಣುವುದಿಲ್ಲ. ಆಗ ‘ಬ್ಲಾಗ್ ಪೋಸ್ಟ್’ ಎಂದು ಹೆಸರಿಡುತ್ತದೆ. ಅದೇ ತಿಂಗಳ ಮುಂದಿನ ಬರಹಕ್ಕೆ ‘ಬ್ಲಾಗ್ ಪೋಸ್ಟ್’ ಪಕ್ಕ ಒಂದು ಸಂಖ್ಯೆ. ಕೆರೆಯ ಬಗ್ಗೆ ಬರೆದದ್ದೂ ಬ್ಲಾಗ್ ಪೋಸ್ಟ್, ಅಜ್ಜಿಯ ಬಗ್ಗೆ ಬರೆದದ್ದೂ ಬ್ಲಾಗ್ ಪೋಸ್ಟ್. ಜನ ಇದಕ್ಕೆ ಉಪಾಯ ಕಂಡುಕೊಂಡರು. ಮೊದಲು ಇಂಗ್ಲಿಷ್ ಶೀರ್ಷಿಕೆ ಕೊಟ್ಟು ಪ್ರಕಟಿಸಿ, ವಿಳಾಸ ಸಿಕ್ಕ ಮೇಲೆ ಶೀರ್ಷಿಕೆಯನ್ನು ಕನ್ನಡಕ್ಕೆ ಬದಲಿಸುವುದು. ವಿಳಾಸವನ್ನು ಬರೆಯುವವರೇ ಆರಿಸಿಕೊಳ್ಳುವ ಅನುಕೂಲ 2012ರಲ್ಲಿ ಬಂತು. ಅದೂ ಇಂಗ್ಲಿಷ್ ಅಕ್ಷರಗಳಲ್ಲಿ ಮಾತ್ರ.

ದುಡ್ಡಿನ ವಿಷಯವೂ ಹೀಗೇ. ಇಂಗ್ಲಿಷ್ ಬ್ಲಾಗಿನವರು ಗೂಗಲ್‌ನದೇ ಆಡ್‌ಸೆನ್ಸ್ ಜಾಹೀರಾತು ಹಾಕಿ ಒಂದಿಷ್ಟು ಗಳಿಸುತ್ತಿದ್ದಾಗ, ಭಾರತೀಯ ಭಾಷೆಗಳಿಗೆ ಆ ಬಾಗಿಲು ಮುಚ್ಚಿತ್ತು. 2014ರ ಕೊನೆಗೆ ಹಿಂದಿಗೆ ತೆರೆಯಿತು. ಆಮೇಲೆ ಬಂಗಾಳಿ, ತಮಿಳು. ಆ ಸರದಿ ಶುರುವಾಗುವ ಹೊತ್ತಿಗೆ ಕನ್ನಡ ಬ್ಲಾಗುಗಳ ಭರಾಟೆಯ ಕಾಲವೇ ಮುಗಿಯುತ್ತ ಬಂದಿತ್ತು.

ಬಾಗಿಲಿಗೆ ಬೀಗ ಬಿದ್ದ ಜುಲೈ

ಎಲ್ಲ ತಪ್ಪನ್ನೂ ಗೂಗಲ್ ತಲೆಗೆ ಕಟ್ಟುವಂತಿಲ್ಲ. 2006ರ ಜುಲೈ 11ರಂದು ಮುಂಬೈ ಲೋಕಲ್ ರೈಲುಗಳಲ್ಲಿ ಬಾಂಬ್ ಸ್ಫೋಟವಾಯಿತು. ಅದಾದ ಕೆಲವೇ ದಿನಗಳಲ್ಲಿ ದೇಶದ ಬ್ಲಾಗಿಗರು ಕಂಪ್ಯೂಟರ್ ತೆರೆದರೆ ಬ್ಲಾಗ್‌ಸ್ಪಾಟ್ ಬರುತ್ತಿಲ್ಲ. ಕೇಂದ್ರದ ದೂರಸಂಪರ್ಕ ಇಲಾಖೆ ಕೆಲವು ತಾಣ ಮತ್ತು ಪುಟಗಳನ್ನು ಮಾತ್ರ ತಡೆಯುವಂತೆ ಇಂಟರ್‌ನೆಟ್ ಕಂಪನಿಗಳಿಗೆ ಆದೇಶಿಸಿತ್ತು. ಒಂದೊಂದು ಪುಟ ಹುಡುಕಿ ತಡೆಯುವ ತಾಪತ್ರಯವೇಕೆಂದು ಕಂಪನಿಗಳು ಇಡೀ ಬ್ಲಾಗ್‌ಸ್ಪಾಟಿಗೆ ಬೀಗ ಜಡಿದವು. ಜಿಯೋಸಿಟೀಸ್, ಟೈಪ್‌ಪ್ಯಾಡ್ ಕೂಡ ಬಿದ್ದವು. ಒಬ್ಬ ಕಳ್ಳನಿಗಾಗಿ ಊರಿಗೇ ದಿಗ್ಬಂಧನ.

ಬರೆಯುವವರಿಗೆ ತಮಾಷೆಯ ಪರಿಸ್ಥಿತಿ. ಹೊಸ ಬರಹ ಸೇರಿಸಲು ಬ್ಲಾಗರ್ ಡಾಟ್ ಕಾಮ್ ತೆರೆಯುತ್ತಿತ್ತು, ಬರೆದದ್ದನ್ನು ನೋಡಲು ಬ್ಲಾಗ್‌ಸ್ಪಾಟ್ ತೆರೆಯುತ್ತಿರಲಿಲ್ಲ. ಅದೇ ವರ್ಷ ಪಾಕಿಸ್ತಾನದಲ್ಲೂ ಬ್ಲಾಗ್‌ಸ್ಪಾಟ್ ತಡೆಹಿಡಿದಿದ್ದರು. ಅದನ್ನು ದಾಟಲು ಅಲ್ಲಿನ ಬ್ಲಾಗಿಗರು ‘ಪಿಕೆ ಬ್ಲಾಗ್ಸ್’ ಎಂಬ ಅಡ್ಡದಾರಿ ಮಾಡಿಕೊಂಡಿದ್ದರು. ಭಾರತದ ಬ್ಲಾಗಿಗರು ತಮ್ಮದೇ ಬ್ಲಾಗ್ ಓದಲು ಆ ಪಾಕಿಸ್ತಾನಿ ದಾರಿ ಹಿಡಿದರು. ಜಾರಿಗೆ ಬಂದು ಇನ್ನೂ ವರ್ಷ ತುಂಬದ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿಗಳು ಹೋದವು. ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಪಟ್ಟಿಯಲ್ಲಿರುವ ಪುಟಗಳನ್ನಷ್ಟೇ ತಡೆಯಿರಿ ಎಂದು ಇಲಾಖೆ ಸ್ಪಷ್ಟಪಡಿಸಿದ ಮೇಲೆ, ಕೆಲವು ದಿನಗಳಲ್ಲಿ ಬೀಗ ತೆರೆಯಿತು. ಸಾವಿರಾರು ಜನ ಒಂದೇ ಸೂರಿನಡಿ ಇದ್ದರೆ ಒಂದೇ ಬೀಗ ಸಾಕು ಎಂಬುದನ್ನು ಆ ಜುಲೈ ತೋರಿಸಿತು.

ಕೇಳದೆ ಬದಲಾದ ವಿಳಾಸ

2010ರ ಜನವರಿಯಲ್ಲಿ ಗೂಗಲ್ ಒಂದು ಪ್ರಕಟಣೆ ಹೊರಡಿಸಿತು. ಸ್ವಂತ ತಾಣಕ್ಕೆ ಎಫ್‌ಟಿಪಿ ಮೂಲಕ ಪ್ರಕಟಿಸುವ ಹಳೆಯ ಸೌಲಭ್ಯ ನಿಲ್ಲುತ್ತದೆ. ಅದನ್ನು ಬಳಸುವ ಸಕ್ರಿಯ ಬ್ಲಾಗುಗಳು ಶೇ 0.5 ಮಾತ್ರ, ಅದರ ನಿರ್ವಹಣೆಗೆ ಬೀಳುವ ಶ್ರಮ ಬಹಳ ಎಂಬುದು ಕಾರಣ. ಗಡುವನ್ನು ಒಮ್ಮೆ ಮುಂದೂಡಿ ಮೇ 1ಕ್ಕೆ ನಿಲ್ಲಿಸಿದರು. ಲೆಕ್ಕ ಸರಿಯೇ ಇತ್ತು. ಆದರೆ ಆ ಅರ್ಧ ಶೇಕಡಾದಲ್ಲಿ ಇದ್ದವರು ಯಾರು? 1999ರಿಂದ ಜೊತೆಗಿದ್ದ, ಚಂದಾ ಕೊಟ್ಟ ಕಾಲದ ಹಳಬರು ಇದ್ದದ್ದು ಅಲ್ಲೇ. ಹೊಲವನ್ನು ತಮ್ಮಲ್ಲೇ ಉಳಿಸಿಕೊಂಡು ಬ್ಲಾಗರ್ ಬಳಸುತ್ತಿದ್ದವರು ಅವರೇ.

2011ರ ಮೇ ತಿಂಗಳಲ್ಲಿ ನಿರ್ವಹಣೆ ಕೆಲಸದ ವೇಳೆ ದತ್ತಾಂಶ ಕೆಟ್ಟು, ಸುಮಾರು 20 ಗಂಟೆ ಯಾರೂ ಏನೂ ಬರೆಯಲಾಗಲಿಲ್ಲ. ಅದಕ್ಕೆ ಮುಂಚಿನ ಗಂಟೆಗಳಲ್ಲಿ ಬರೆದದ್ದು ಕಾಣದಾಯಿತು. ಗೂಗಲ್ ಕ್ಷಮೆ ಕೇಳಿ, ತೆಗೆದಿದ್ದ ಬರಹಗಳನ್ನು ಮತ್ತೆ ಕೂರಿಸಿತು. ಬರಹದ ಇನ್ನೊಂದು ಪ್ರತಿ ತಮ್ಮಲ್ಲಿಲ್ಲ ಎಂಬುದು ಎಷ್ಟೋ ಜನರಿಗೆ ಹೊಳೆದದ್ದು ಆ ದಿನ.

2012ರ ಆರಂಭದಲ್ಲಿ ಭಾರತದ ಓದುಗರಿಗೆ ಬ್ಲಾಗ್‌ಸ್ಪಾಟ್ ಡಾಟ್ ಕಾಮ್ ತಂತಾನೇ ‘ಬ್ಲಾಗ್‌ಸ್ಪಾಟ್ ಡಾಟ್ ಇನ್’ ಆಗಿ ತೆರೆಯತೊಡಗಿತು. ಆಯಾ ದೇಶದ ಕಾನೂನಿನ ಪ್ರಕಾರ ಏನನ್ನಾದರೂ ತೆಗೆಯಬೇಕಾಗಿ ಬಂದರೆ, ಆ ದೇಶದಲ್ಲಿ ಮಾತ್ರ ತೆಗೆದು ಉಳಿದೆಡೆ ಉಳಿಸಲು ಈ ಏರ್ಪಾಡು. ಉದ್ದೇಶ ಒಪ್ಪುವಂಥದ್ದೇ. ಆದರೆ ಒಂದೇ ಲೇಖನ ಭಾರತದಲ್ಲಿ ಒಂದು ವಿಳಾಸ, ಅಮೆರಿಕದಲ್ಲಿ ಇನ್ನೊಂದು ವಿಳಾಸ ಪಡೆಯಿತು. ಫೇಸ್‌ಬುಕ್ ಮೆಚ್ಚುಗೆಗಳ ಲೆಕ್ಕ ಎರಡು ಕಡೆ ಒಡೆಯಿತು. ಹೊರಗಿನ ಕಂಪನಿಗಳ ಪ್ರತಿಕ್ರಿಯೆ ಪೆಟ್ಟಿಗೆ ಹಾಕಿಕೊಂಡವರಿಗೆ ಅರ್ಧ ಮಾತು ಇಲ್ಲಿ, ಅರ್ಧ ಮಾತು ಅಲ್ಲಿ. ವಿಳಾಸದ ಕೊನೆಗೆ ‘ಎನ್‌ಸಿಆರ್’ ಎಂದು ಸೇರಿಸಿದರೆ ಹಳೆಯ ಪುಟವೇ ತೆರೆಯುತ್ತದೆ ಎಂಬ ಒಳದಾರಿ ಇತ್ತು. ಅದು ಗೊತ್ತಿದ್ದವರು ಕಡಿಮೆ. ಜನ ಡಾಟ್ ಇನ್ ವಿಳಾಸವನ್ನೇ ನಕಲು ಮಾಡಿ ಪತ್ರಿಕೆಗಳಿಗೆ ಕೊಟ್ಟರು, ತಮ್ಮ ಲೇಖನಗಳಲ್ಲಿ ಕೊಂಡಿ ಹಾಕಿದರು.

ಇದರ ಫಲ ಎಂಟು ವರ್ಷ ಬಿಟ್ಟು ಬಂತು. ಅಷ್ಟರಲ್ಲಿ ಬೇರೆ ಬೇರೆ ದೇಶದ ವಿಳಾಸಕ್ಕೆ ತಿರುಗಿಸುವುದನ್ನು ಗೂಗಲ್ ಕೈಬಿಟ್ಟಿತ್ತು. 2020ರ ಮಧ್ಯದಲ್ಲಿ ಬ್ಲಾಗ್‌ಸ್ಪಾಟ್ ಡಾಟ್ ಇನ್ ಎಂಬ ಹೆಸರಿನ ಒಡೆತನವೇ ಗೂಗಲ್ ಕೈತಪ್ಪಿ ಬೇರೆಯವರ ಪಾಲಾಗಿರುವುದು ಸುದ್ದಿಯಾಯಿತು. ಬ್ಲಾಗುಗಳು ಡಾಟ್ ಕಾಮ್‌ನಲ್ಲಿ ಸುರಕ್ಷಿತವಾಗಿಯೇ ಇದ್ದವು. ಆದರೆ ಎಂಟು ವರ್ಷ ಜನ ಹಂಚಿಕೊಂಡ ಡಾಟ್ ಇನ್ ಕೊಂಡಿಗಳೆಲ್ಲ ಸತ್ತವು. ಕಾಲುದಾರಿ ನೆಟ್ಟಗಿತ್ತು, ಅದಕ್ಕೆ ನೆಟ್ಟ ಕೈಮರಗಳನ್ನು ಯಾರೋ ಕಿತ್ತುಕೊಂಡು ಹೋದ ಹಾಗಾಯಿತು.

ಒಂದೊಂದೇ ಕಂಬ

ಬ್ಲಾಗರನ್ನು ಗೂಗಲ್ ಮುಚ್ಚಲಿಲ್ಲ. ಅದರ ಸುತ್ತಲಿನ ಕಂಬಗಳು ಒಂದೊಂದಾಗಿ ಬಿದ್ದವು. ಹೊಸ ಬರಹ ಬಂದದ್ದನ್ನು ಓದುಗರಿಗೆ ತಲುಪಿಸುತ್ತಿದ್ದ ಗೂಗಲ್ ರೀಡರ್ 2013ರ ಜುಲೈ 1ಕ್ಕೆ ನಿಂತಿತು. ನಿತ್ಯದ ಓದುಗರು ಚದುರಿದರು, ಫೇಸ್‌ಬುಕ್ಕಿಗೆ ಹೋದವರು ಅಲ್ಲೇ ಉಳಿದರು. ಅದೇ ವರ್ಷ ಏಪ್ರಿಲಿನಲ್ಲಿ ಗೂಗಲ್ ಪ್ಲಸ್‌ನ ಪ್ರತಿಕ್ರಿಯೆ ಪೆಟ್ಟಿಗೆಯನ್ನು ಬ್ಲಾಗರಿಗೆ ತಂದಿದ್ದರು. ಗೂಗಲ್ ಹೇಳಿದ್ದನ್ನು ನಂಬಿ ಅದಕ್ಕೆ ಬದಲಾಯಿಸಿಕೊಂಡವರ ಬ್ಲಾಗುಗಳಿಂದ, 2019ರಲ್ಲಿ ಪ್ಲಸ್ ಮುಚ್ಚಿದಾಗ ಆ ಪ್ರತಿಕ್ರಿಯೆಗಳೆಲ್ಲ ಮಾಯವಾದವು. ಹಳೆಯ ಪೆಟ್ಟಿಗೆಯನ್ನೇ ಇಟ್ಟುಕೊಂಡ ಸೋಮಾರಿಗಳು ಬಚಾವಾದರು. ಬರಹಗಳನ್ನು ಇಮೇಲಿನಲ್ಲಿ ಕಳಿಸುತ್ತಿದ್ದ ಫೀಡ್‌ಬರ್ನರ್ ಸೇವೆ 2021ರಲ್ಲಿ ನಿಂತಿತು.

2020ರಲ್ಲಿ ಬರೆಯುವ ಪುಟವನ್ನೇ ಮೊಬೈಲಿಗೆ ಹೊಂದುವಂತೆ ಬದಲಿಸಿದರು. ಹಳೆಯ ಪುಟದಲ್ಲಿ ಕೈ ಪಳಗಿದ್ದವರು ಫೋಟೊ ಸರಿಯಾದ ಜಾಗದಲ್ಲಿ ಕೂರುತ್ತಿಲ್ಲ, ಪುಟ ನಿಧಾನ ಎಂದು ಗೋಗರೆದರು. ಸ್ವಲ್ಪ ಕಾಲ ಹಳೆಯದಕ್ಕೆ ಮರಳುವ ಗುಂಡಿ ಇತ್ತು, ಆಮೇಲೆ ಅದೂ ಹೋಯಿತು.

ಜನರ ಮಾತು ನಡೆದ ಒಂದು ಪ್ರಸಂಗ ಇದೆ. 2015ರ ಫೆಬ್ರವರಿಯಲ್ಲಿ, ಲೈಂಗಿಕ ಚಿತ್ರ ಇರುವ ಬ್ಲಾಗುಗಳನ್ನೆಲ್ಲ ಒಂದು ತಿಂಗಳಲ್ಲಿ ಖಾಸಗಿ ಮಾಡಲಾಗುತ್ತದೆ, ಬರೆದವರು ಆಹ್ವಾನಿಸಿದವರಿಗೆ ಮಾತ್ರ ಅವು ಕಾಣುತ್ತವೆ ಎಂದು ಗೂಗಲ್ ಘೋಷಿಸಿತು. ವರ್ಷಗಟ್ಟಲೆ ಅನುಮತಿಸಿದ್ದನ್ನು ಹಿಂದಿನ ತಾರೀಖಿನಿಂದ ತಪ್ಪು ಮಾಡುವುದು ನ್ಯಾಯವೇ ಎಂದು ಬರೆಯುವವರು ಎದ್ದು ನಿಂತರು. ಒಂದೇ ವಾರದೊಳಗೆ ಗೂಗಲ್ ಅದನ್ನು ಹಿಂದಕ್ಕೆ ಪಡೆಯಿತು.

ಧರ್ಮಕ್ಕೆ ಕೊಟ್ಟ ದಟ್ಟಿ

ಇಷ್ಟಕ್ಕೂ ಪುಕ್ಕಟೆ ಸಿಕ್ಕದ್ದಕ್ಕೆ ದೂರು ಯಾಕೆ? ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ ಎಂಬ ಗಾದೆಯನ್ನು ಇವರಿಗೂ ಹೇಳಬಹುದು. ಹಾಗೆ ಹೇಳುವವರಿಗೆ ಎರಡು ಮಾತು.

ಮೊದಲನೆಯದು, ಮಾಲೀಕರ ಪರವಾದದ್ದು. ಬ್ಲಾಗರಿಗಿಂತ ಚೆಂದದ ಎಷ್ಟೋ ಮನೆಗಳು ನೆಲಸಮವಾಗಿವೆ. ಯಾಹೂ ಕೊಂಡಿದ್ದ ಜಿಯೋಸಿಟೀಸ್ 2009ರಲ್ಲಿ ಮುಚ್ಚಿತು. ಟ್ವಿಟರ್ ಕೊಂಡ ಪೋಸ್ಟರಸ್ 2013ರಲ್ಲಿ ಮುಚ್ಚಿತು. ನಮ್ಮ ದೇಶದ ಹುಡುಗರು ಹಗಲಿರುಳು ಕೂತಿದ್ದ, ಗೂಗಲ್‌ನದೇ ಆದ ಆರ್ಕುಟ್ 2014ರಲ್ಲಿ ಮುಚ್ಚಿತು. 2007ರಲ್ಲಿ ಯಾರೋ ಬ್ಲಾಗ್‌ಸ್ಪಾಟ್ ಡಾಟ್ ಕಾಮ್‌ನಲ್ಲಿ ಬರೆದು ಬಿಟ್ಟ ಲೇಖನ ಇಂದೂ ಅದೇ ವಿಳಾಸದಲ್ಲಿ ತೆರೆಯುತ್ತದೆ. ಯಾರೂ ಗಮನ ಕೊಡದ ಕಾರಣಕ್ಕೆ ಹಳೆಯ ತೊಟ್ಟಿಮನೆಗಳು ಕೆಡವದೆ ಉಳಿಯುತ್ತವಲ್ಲ, ಬ್ಲಾಗರ್ ಉಳಿದಿರುವುದರಲ್ಲೂ ಅಂಥದ್ದೇನೋ ಇದೆ. ನಿಷ್ಠಾವಂತರು ಬೈಯುವ ಉದಾಸೀನವೇ ಅವರ ಬರಹಗಳನ್ನು ಕಾಯ್ದಿರಬಹುದು.

ಎರಡನೆಯದು, ಜಾಗ ಧರ್ಮದ್ದಾದರೂ ಬೆಳೆ ಧರ್ಮದ್ದಲ್ಲ. ಉತ್ತಿದ್ದು, ಬಿತ್ತಿದ್ದು ಬರೆದವರು. ಅವರ ಬರಹ ಇಲ್ಲದಿದ್ದರೆ ಆ ಜಾಗಕ್ಕೆ ಯಾರು ಬರುತ್ತಿದ್ದರು? ನಮ್ಮ ರಾಜ್ಯದಲ್ಲಿ ಇದೇ ತರ್ಕದ ಮೇಲೆ ದೊಡ್ಡ ಕಾನೂನೊಂದು ಬಂದಿದೆ. ದೇವರಾಜ ಅರಸು ಅವರ ಕಾಲದಲ್ಲಿ, 1974ರ ಭೂ ಸುಧಾರಣಾ ತಿದ್ದುಪಡಿಯ ನಂತರ, ಗೇಣಿದಾರರು ಫಾರಂ ನಂಬರ್ 7 ತುಂಬಿ ಭೂ ನ್ಯಾಯಮಂಡಳಿಯ ಮುಂದೆ ನಿಂತರು. ಕೈಯಲ್ಲಿ ಕಾಗದ ಇದ್ದವರ ಅರ್ಜಿ ಸಲೀಸಾಯಿತು. ಬಾಯಿಮಾತಿನ ಗೇಣಿಯವರು ಸಾಕ್ಷಿ ಹುಡುಕಿಕೊಂಡು ಅಲೆದರು. ಬ್ಲಾಗಿನ ಒಕ್ಕಲುಗಳಿಗೆ ಯಾವ ನ್ಯಾಯಮಂಡಳಿಯೂ ಇಲ್ಲ. ಆದರೆ ಅವರ ಪರವಾಗಿ ಒಂದು ಮಾತು ಕಾಗದದಲ್ಲಿದೆ. ಬರಹದ ಹಕ್ಕು ಬರೆದವರದ್ದೇ ಎಂದು ಗೂಗಲ್ ನಿಯಮಗಳೇ ಹೇಳುತ್ತವೆ. ಬೆಳೆಯನ್ನು ಮನೆಗೆ ಸಾಗಿಸಲು ಅಡ್ಡಿ ಇಲ್ಲ. ಸಾಗಿಸದೆ ಹೊಲದಲ್ಲೇ ಬಿಟ್ಟಿರುವವರು ನಾವು.

ಸಾಗಿಸುವ ದಾರಿ ಕಷ್ಟದ್ದಲ್ಲ. ಬ್ಲಾಗರ್ ಸೆಟ್ಟಿಂಗ್ಸಿನಲ್ಲಿ ಬ್ಯಾಕಪ್ ಎಂಬುದಿದೆ. ಎಲ್ಲ ಬರಹಗಳೂ ಪ್ರತಿಕ್ರಿಯೆಗಳೂ ಒಂದೇ ಕಡತವಾಗಿ ಇಳಿಯುತ್ತವೆ. ಫೋಟೊಗಳು ಅದರಲ್ಲಿ ಬರುವುದಿಲ್ಲ, ಅವುಗಳ ಕೊಂಡಿ ಮಾತ್ರ ಇರುತ್ತದೆ. ಹಾಗಾಗಿ ಫೋಟೊಗಳನ್ನು ಬೇರೆಯಾಗಿ ಇಳಿಸಿಕೊಳ್ಳಬೇಕು. ಮುಖ್ಯವಾದ ಪುಟಗಳನ್ನು ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನಿಗೆ ಕೊಟ್ಟರೆ ಇನ್ನೊಂದು ಪ್ರತಿ ಉಳಿಯುತ್ತದೆ. ದುಡ್ಡು ಕೊಟ್ಟು ಸ್ವಂತ ಹೆಸರು ಕೊಂಡರೆ ಎಲ್ಲ ಮುಗಿಯಿತೆಂದು ತಿಳಿಯಬೇಡಿ. ಪ್ರತಿ ವರ್ಷ ದುಡ್ಡು ಕಟ್ಟುವವರು ಬೇಕು. ಬರೆದವರು ತೀರಿಕೊಂಡ ಮೇಲೆ ಕಟ್ಟುವವರಾರು? ಗೂಗಲ್‌ನಂಥ ಗೂಗಲ್ ಕೈಯಿಂದಲೇ ಒಂದು ಹೆಸರು ತಪ್ಪಿಹೋದದ್ದನ್ನು ನೋಡಿದೆವಲ್ಲ.

ತೀರಿಕೊಳ್ಳುವ ಮಾತು ಸುಮ್ಮನೆ ಬರಲಿಲ್ಲ. ಎರಡು ವರ್ಷ ಬಳಸದೆ ಬಿಟ್ಟ ಖಾತೆಗಳನ್ನು ಅಳಿಸಬಹುದು ಎಂಬ ನೀತಿಯನ್ನು ಗೂಗಲ್ 2023ರಲ್ಲಿ ಪ್ರಕಟಿಸಿತು. ಕನ್ನಡದಲ್ಲಿ ಬ್ಲಾಗ್ ಶುರುಮಾಡಿದ ಮೊದಲ ಸಾಲಿನವರಲ್ಲಿ ನಿವೃತ್ತಿ ವಯಸ್ಸು ದಾಟಿದವರಿದ್ದಾರೆ, ಇಲ್ಲವಾದವರೂ ಇದ್ದಾರೆ. ಪಾಸ್‌ವರ್ಡ್ ಅವರ ಜೊತೆಗೇ ಹೋಗುತ್ತದೆ. ಬ್ಯಾಂಕ್ ಖಾತೆಗೆ ನಾಮಿನಿ ಇದ್ದ ಹಾಗೆ ಗೂಗಲ್ ಖಾತೆಗೂ ಒಬ್ಬರನ್ನು ಹೆಸರಿಸುವ ಏರ್ಪಾಡು 2013ರಿಂದ ಇದೆ. ಅದನ್ನು ತುಂಬಿದವರು ನಿಮಗೆ ಗೊತ್ತಿರುವವರಲ್ಲಿ ಎಷ್ಟು ಮಂದಿ?

ಜಿಲ್ಲೆಯಲ್ಲಿ ಕೆಲಸ ಮಾಡುವ ನಾವು ಮಾಡಬಹುದಾದ ಒಂದು ಕೆಲಸ ಇದೆ. ನಿಮ್ಮ ತಾಲ್ಲೂಕಿನಿಂದ ಬ್ಲಾಗ್ ಬರೆದವರು ಯಾರು ಯಾರು ಎಂದು ಒಂದು ಪಟ್ಟಿ ಮಾಡಿ. ಗ್ರಂಥಾಲಯದಲ್ಲೂ ಗ್ಯಾಸೆಟಿಯರಿನಲ್ಲೂ ಇಲ್ಲದ ಜಾತ್ರೆಯ ಪದ್ಧತಿ, ಹೂಳು ತುಂಬಿದ ಕೆರೆಯ ಹಳೆಯ ಹೆಸರು, ಹಿರಿಯರ ಬಾಯಲ್ಲಿದ್ದ ಮಾತು ಅವರಲ್ಲಿ ಯಾರೋ ಒಬ್ಬರು ‘ಬ್ಲಾಗ್ ಪೋಸ್ಟ್’ ಎಂಬ ಹೆಸರಿನಡಿ ಬರೆದಿಟ್ಟಿರುತ್ತಾರೆ. ಬದುಕಿರುವವರ ಮನೆಗೆ ಹೋಗಿ, ಕೂತು, ಬ್ಯಾಕಪ್ ಇಳಿಸಿ ಒಂದು ಪೆನ್‌ಡ್ರೈವಿಗೆ ಹಾಕಿ ಕೊಡಿ. ಒಂದು ಪ್ರತಿ ಅವರ ಮಕ್ಕಳ ಕೈಗೂ ಹೋಗಲಿ. ಅರ್ಧ ತಾಸಿನ ಕೆಲಸ. ಅವರು ಟೀ ಕೊಟ್ಟು, ಬ್ಲಾಗರನ್ನು ಇನ್ನೊಂದು ಅರ್ಧ ತಾಸು ಬೈಯುತ್ತಾರೆ. ಅದನ್ನೂ ಕೇಳಿಸಿಕೊಂಡು ಬನ್ನಿ.